ಕೇಕಿನ ಮೇಲೇಕೆ ಕೋಪ?

ಕೊರೋನಾ ಕಾಲದ ಲಾಕ್‌ಡೌನಿನ ಮಾತು ಬಂದಾಗಲೆಲ್ಲ ನಮ್ಮ ನಡುವೆ ಎರಡು ಬಗೆಯ ಧ್ವನಿಗಳು ಕೇಳಿಬರುತ್ತವೆ. ಒಂದು, ನೆನೆದು ಸುಖಪಡುವವರದು. 'ಏನೇ ಹೇಳಿ, ಆ ದಿನಗಳಲ್ಲಿ ಮನೆಮಂದಿಯೆಲ್ಲ ಒಟ್ಟಿಗಿದ್ದೆವು. ಇಂದು ಬಾಳೆಹಣ್ಣಿನ ಕೇಕ್, ನಾಳೆ ಮಾವಿನ ಹಣ್ಣಿನ ಕೇಕ್, ನಾಡಿದ್ದು ಅನಾನಸಿನ ಪುಡ್ಡಿಂಗ್. ಬೇಕರಿಯ ಹಂಗಿಲ್ಲದೆ ಬದುಕುವುದನ್ನು ಕಲಿತೆವು' ಎನ್ನುತ್ತಾರೆ ಇವರು. ಇನ್ನೊಂದು, ಛೀಮಾರಿ ಹಾಕುವವರದು. 'ಬಡವರು ಹಸಿದ ಹೊಟ್ಟೆಯಲ್ಲಿ ನೂರಾರು ಮೈಲಿ ನಡೆಯುತ್ತಿದ್ದರೆ ಈ ಹೆಂಗಸರು ಕೇಕ್ ಬೇಯಿಸಿ ಫೇಸ್‌ಬುಕ್ಕಿಗೆ ಫೋಟೋ ಹಾಕುತ್ತಿದ್ದರು' ಎಂಬುದು ಇವರ ಆರೋಪ.

ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ವಿರುದ್ಧ. ಆದರೆ ಸ್ವಲ್ಪ ಯೋಚಿಸಿದರೆ ಇಬ್ಬರೂ ಒಂದೇ ಕೆಲಸ ಮಾಡುತ್ತಿರುವುದು ತಿಳಿಯುತ್ತದೆ. ಇಬ್ಬರೂ ನೋಡುವುದು ತಟ್ಟೆಯಲ್ಲಿರುವ ಕೇಕನ್ನು ಮಾತ್ರ. ಅದನ್ನು ಬೇಯಿಸಿದವಳು ಎಷ್ಟು ಹೊತ್ತು ನಿಂತಿದ್ದಳು, ಅದರೊಳಗಿನ ಹಣ್ಣು ಬೆಳೆದವನ ಗತಿ ಏನಾಯಿತು, ಅದನ್ನು ಬೀದಿಗೆ ತಂದವನನ್ನು ನಾವು ಹೇಗೆ ನಡೆಸಿಕೊಂಡೆವು ಎಂದು ಒಬ್ಬರೂ ಕೇಳುವುದಿಲ್ಲ.

ಮೊದಲು ಆರೋಪವನ್ನೇ ತೆಗೆದುಕೊಳ್ಳೋಣ. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿಯವರು ಟಿ.ವಿ. ಪರದೆಯ ಮೇಲೆ ಬಂದು, ಅಂದಿನ ಮಧ್ಯರಾತ್ರಿಯಿಂದಲೇ 21 ದಿನ ಇಡೀ ದೇಶ ಬಂದ್ ಎಂದು ಸಾರಿದರು. ಜನರಿಗೆ ಸಿಕ್ಕಿದ್ದು ನಾಲ್ಕು ಗಂಟೆಗಳ ಗಡುವು. ದಿನಗೂಲಿಯ ಕಾರ್ಮಿಕ ಎಲ್ಲಿ ಉಣ್ಣಬೇಕು, ಬಾಡಿಗೆ ಹೇಗೆ ಕಟ್ಟಬೇಕು, ಊರಿಗೆ ಹೇಗೆ ತಲುಪಬೇಕು ಎಂಬುದಕ್ಕೆ ಆ ರಾತ್ರಿ ಉತ್ತರವಿರಲಿಲ್ಲ. ಮೇ ತಿಂಗಳ ಮೊದಲ ವಾರ ನಮ್ಮದೇ ರಾಜ್ಯ ಸರಕಾರ, ಕಟ್ಟಡ ನಿರ್ಮಾಣ ಉದ್ಯಮಿಗಳೊಂದಿಗೆ ಸಭೆ ನಡೆದ ಬೆನ್ನಿಗೇ, ಬೆಂಗಳೂರಿನಿಂದ ಹೊರಡಬೇಕಿದ್ದ ವಲಸೆ ಕಾರ್ಮಿಕರ ರೈಲುಗಳನ್ನು ರದ್ದುಗೊಳಿಸಲು ರೈಲ್ವೆಯನ್ನು ಕೋರಿತು. ಎಲ್ಲೆಡೆಯಿಂದ ಟೀಕೆ ಬಂದ ಮೇಲೆ ನಿರ್ಧಾರ ಹಿಂದೆಗೆದುಕೊಂಡಿತು. ಮೇ 8ರ ನಸುಕಿನಲ್ಲಿ ಮಹಾರಾಷ್ಟ್ರದ ಔರಂಗಾಬಾದ್ ಜಿಲ್ಲೆಯಲ್ಲಿ, ನಡೆದು ನಡೆದು ದಣಿದು ಹಳಿಯ ಮೇಲೆ ಮಲಗಿದ್ದ 16 ಮಂದಿ ಕಾರ್ಮಿಕರು ಸರಕು ರೈಲಿಗೆ ಸಿಲುಕಿ ಸತ್ತರು. ಅವರು ಕಟ್ಟಿಕೊಂಡಿದ್ದ ರೊಟ್ಟಿಗಳು ಹಳಿಗಳ ನಡುವೆ ಚೆಲ್ಲಿದ್ದ ಚಿತ್ರವನ್ನು ದೇಶವೇ ನೋಡಿತು.

ಇವುಗಳಲ್ಲಿ ಯಾವ ನಿರ್ಧಾರ ಅಡುಗೆಮನೆಯಲ್ಲಿ ಆಯಿತು? ಯಾವ ಗೃಹಿಣಿ ರೈಲು ನಿಲ್ಲಿಸಿದಳು? ಅಧಿಕಾರದಲ್ಲಿರುವವರನ್ನು ಕೇಳಬೇಕಾದ ಪ್ರಶ್ನೆಯನ್ನು ಒಲೆಯ ಮುಂದೆ ನಿಂತವಳಿಗೆ ಕೇಳುವುದು ಸುಲಭ. ಆಕೆ ಮೊಕದ್ದಮೆ ಹೂಡುವುದಿಲ್ಲ, ಪೊಲೀಸರನ್ನು ಕಳುಹಿಸುವುದಿಲ್ಲ. ಪ್ರದರ್ಶನದ ಚಟ ಯಾರಿಗೂ ಇರಲಿಲ್ಲವೆಂದು ನಾನು ವಾದಿಸುತ್ತಿಲ್ಲ. ಬೇರೆಯವರ ಹಸಿವಿನ ಸುದ್ದಿಯ ಪಕ್ಕದಲ್ಲೇ ತಮ್ಮ ಮನೆಯ ಔತಣವನ್ನು ಮೆರೆಸುವುದು ಸಭ್ಯತೆಯಲ್ಲ. ಆದರೆ ಮೂರು ಬಾಳೆಹಣ್ಣಿನ ಕೇಕನ್ನು ದೇಶದ ಪಾಪವೆಂದು ಎಣಿಸುವವರು, ಅದೇ ಬೇಸಿಗೆಯಲ್ಲಿ ಖಾಲಿ ಮಾಡಿಸಿದ ಬಾಡಿಗೆ ಮನೆಗಳನ್ನೂ ಕೊಡದೆ ಉಳಿಸಿಕೊಂಡ ಸಂಬಳಗಳನ್ನೂ ಅಷ್ಟೇ ಜೋರಾಗಿ ಎಣಿಸಿದರೇ?

ಅಷ್ಟಕ್ಕೂ ಈ ಹಣ್ಣಿನ ಕೇಕ್ ಎಂಬುದು ಏನು? ಆ ವರ್ಷ ಜಗತ್ತಿನ ಜನ ಗೂಗಲಿನಲ್ಲಿ ಅತಿ ಹೆಚ್ಚು ಹುಡುಕಿದ ಪಾಕಗಳಲ್ಲಿ ಬಾಳೆಹಣ್ಣಿನ ಬ್ರೆಡ್ ಒಂದು. ಅದು ಸಿರಿವಂತರ ತಿಂಡಿಯಾಗಿ ಹೆಸರಾದದ್ದಲ್ಲ. ಅಮೆರಿಕದ ಅಡುಗೆ ಪುಸ್ತಕಗಳಲ್ಲಿ ಅದು ನೆಲೆಯೂರಿದ್ದು 1930ರ ದಶಕದಲ್ಲಿ, ಅಂದರೆ ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ. ಸಿಪ್ಪೆ ಕಪ್ಪಾದ ಬಾಳೆಹಣ್ಣನ್ನೂ ಎಸೆಯಲು ಮನಸ್ಸು ಬಾರದ ಕಾಲವದು. ಹಣ್ಣು ಮಾಗಿದಷ್ಟೂ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಹಾಗಾಗಿ ಸಕ್ಕರೆ ಕಡಿಮೆ ಸಾಕು. ಕಿವುಚಿದ ಹಣ್ಣು ಹಿಟ್ಟನ್ನು ಹಿಡಿದಿಡುತ್ತದೆ, ಮೊಟ್ಟೆ ಇಲ್ಲದಿದ್ದರೂ ನಡೆಯುತ್ತದೆ. ಮೊಸರಿನ ಹುಳಿಗೆ ಅಡುಗೆ ಸೋಡಾ ಸೇರಿದರೆ ಉಬ್ಬುತ್ತದೆ, ಯೀಸ್ಟ್ ಬೇಕಿಲ್ಲ. ಕೈಗೆ ಏನೂ ಸಿಗದ ದಿನಗಳಲ್ಲಿ ಇರುವುದರಲ್ಲೇ ಮಾಡುವ ತಿಂಡಿ ಇದು.

ನಮಗೂ ಈ ವಿದ್ಯೆ ಹೊಸದೇನಲ್ಲ. ಮಿತಿಮೀರಿ ಹಣ್ಣಾದ ಬಾಳೆಹಣ್ಣಿನಿಂದ ಮಂಗಳೂರಿನ ಬನ್ಸ್ ಹುಟ್ಟಿತು, ಹಲ್ವ ಹುಟ್ಟಿತು. ಮಳೆಗಾಲಕ್ಕೆ ಮೊದಲು ರಾಶಿ ಬೀಳುವ ಹಲಸು ತೇಗದ ಎಲೆಯಲ್ಲಿ ಗಟ್ಟಿಯಾಗುತ್ತದೆ, ಮಾವಿನ ರಸ ಚಾಪೆಯ ಮೇಲೆ ಒಣಗಿ ಮಾಂಬಳವಾಗುತ್ತದೆ. ಮಲಬಾರಿನ ಮಾಪಿಳ್ಳೆಯರ ಮನೆಗಳಲ್ಲಿ ನೇಂದ್ರ ಬಾಳೆಹಣ್ಣು, ಮೊಟ್ಟೆ ಸೇರಿಸಿ ಮಾಡುವ ಕಾಯಿಪೋಳವನ್ನು ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುತ್ತಿದ್ದರು. ಓವನ್ ಎಂಬ ಪೆಟ್ಟಿಗೆ ನಮ್ಮ ಅಡುಗೆಮನೆಗೆ ಬರುವ ಮೊದಲೇ ಅದರ ಕೆಲಸ ಕೆಂಡದಿಂದ ನಡೆಯುತ್ತಿತ್ತು. 2020ರಲ್ಲಿ ಓವನ್ ಇಲ್ಲದ ಸಾವಿರಾರು ಮನೆಗಳ ಹೆಂಗಸರು ಮಾಡಿದ್ದೂ ಅದನ್ನೇ. ಕುಕ್ಕರಿನ ಗ್ಯಾಸ್ಕೆಟ್ ತೆಗೆದು, ವಿಸಿಲ್ ತೆಗೆದು, ತಳಕ್ಕೆ ಉಪ್ಪು ಹಾಸಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದರು. ಇದರಲ್ಲಿ ಜಾಣ್ಮೆಯನ್ನು ಕಾಣದೆ ಬರೀ ಶೋಕಿಯನ್ನು ಕಂಡವರ ಕಣ್ಣಿಗೆ ಏನೆನ್ನಬೇಕು?

ಈಗ ಹಣ್ಣಿನ ವಿಚಾರಕ್ಕೆ ಬರೋಣ. ಆ ವರ್ಷ ಮಾರ್ಚ್-ಏಪ್ರಿಲ್‌ನಲ್ಲಿ ಬ್ರಿಟನ್ನಿನ ಅಂಗಡಿಗಳಲ್ಲಿ ಹಿಟ್ಟು ಸಿಗದಾಯಿತು. ಕಾರಣ ಗೋಧಿಯ ಕೊರತೆಯಲ್ಲ. ಅಲ್ಲಿ ಸಣ್ಣ ಪೊಟ್ಟಣಗಳಲ್ಲಿ ಅಂಗಡಿಗೆ ಹೋಗುವ ಹಿಟ್ಟು ನೂರಕ್ಕೆ ನಾಲ್ಕು ಪಾಲಿನಷ್ಟು ಮಾತ್ರ, ಉಳಿದದ್ದು ಸಗಟಾಗಿ ಬೇಕರಿ, ಕಾರ್ಖಾನೆಗಳಿಗೆ. ಜನ ಮನೆಯಲ್ಲೇ ಬೇಯಿಸತೊಡಗಿದಾಗ ಗಿರಣಿಗಳಲ್ಲಿ ಹಿಟ್ಟಿತ್ತು, ಆದರೆ ಪೊಟ್ಟಣ ಕಟ್ಟುವ ಯಂತ್ರಗಳು ಸಾಕಾಗಲಿಲ್ಲ. ನಮ್ಮಲ್ಲಿ ಹಣ್ಣಿತ್ತು, ಅದು ಸಾಗುವ ದಾರಿ ಇರಲಿಲ್ಲ. ಕೃಷಿಗೆ ವಿನಾಯಿತಿ ಇದೆ ಎಂದು ಕಾಗದದ ಮೇಲೆ ಬರೆದಿದ್ದರು. ಆದರೆ ಲಾರಿಗೆ ಚಾಲಕನಿಲ್ಲ, ಹೊರೆಗೆ ಹಮಾಲಿಯಿಲ್ಲ, ಹೋಟೆಲ್ ಮುಚ್ಚಿದೆ, ಜ್ಯೂಸ್ ಅಂಗಡಿ ಮುಚ್ಚಿದೆ, ಮದುವೆಗಳು ಮುಂದಕ್ಕೆ ಹೋಗಿವೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ಬಳ್ಳಿಯಲ್ಲೇ ಕೊಳೆಯಿತು. ಉತ್ತರ ಭಾರತದ ಮಾರುಕಟ್ಟೆಯನ್ನು ನಂಬಿದ್ದ ಬನವಾಸಿ ಸುತ್ತಿನ ಅನಾನಸು ಹೊಲದಲ್ಲೇ ಉಳಿಯಿತು. ಕಲ್ಲಂಗಡಿಯ ಹೊಲಗಳ ಮೇಲೆ ಟ್ರಾಕ್ಟರ್ ಓಡಿತು. ಮೇ ತಿಂಗಳಲ್ಲಿ ಸರಕಾರ ಹಣ್ಣು, ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ 15,000 ರೂಪಾಯಿ ಪರಿಹಾರ ಪ್ರಕಟಿಸಿತು. ಒಂದು ಹೆಕ್ಟೇರ್ ಎಂದರೆ ಎರಡೂವರೆ ಎಕರೆ. ದ್ರಾಕ್ಷಿಯ ಚಪ್ಪರಕ್ಕೆ, ಔಷಧಿಗೆ, ಕೂಲಿಗೆ ರೈತ ಸುರಿಯುವ ಹಣ ಬಲ್ಲವರಿಗೆ ಈ ಮೊತ್ತದ ಅರ್ಥವೇನೆಂದು ವಿವರಿಸಬೇಕಿಲ್ಲ.

ಮನಸ್ಸು ಮಾಡಿದರೆ ದಾರಿ ಇತ್ತು ಎಂಬುದಕ್ಕೂ ಅದೇ ವರ್ಷ ಸಾಕ್ಷಿ. ಮಾವಿನ ಕಾಲ ಬಂದಾಗ ರಾಜ್ಯದ ಮಾವು ಅಭಿವೃದ್ಧಿ ನಿಗಮವು ಅಂಚೆ ಇಲಾಖೆಯ ಜೊತೆ ಸೇರಿ, ರೈತರ ಮಾವಿನ ಪೆಟ್ಟಿಗೆಗಳನ್ನು ಬೆಂಗಳೂರಿನ ಮನೆಬಾಗಿಲಿಗೆ ತಲುಪಿಸಿತು. ಅಂಚೆಯಣ್ಣನ ಕೈಯಲ್ಲಿ ಮಾವು ಬರಬಹುದಾಗಿದ್ದರೆ, ಪಡಿತರ ಅಂಗಡಿಯ ಮೂಲಕ ದ್ರಾಕ್ಷಿ, ಬಾಳೆಹಣ್ಣು ಬರಬಾರದಿತ್ತೇ? ಉಚಿತ ಅಕ್ಕಿ, ಗೋಧಿ, ಬೇಳೆಯ ಪಕ್ಕದಲ್ಲಿ, ಕೊಳೆಯಲಿದ್ದ ಹಣ್ಣನ್ನು ಸರಕಾರವೇ ಖರೀದಿಸಿ ಬಡವರ ಮಕ್ಕಳಿಗೆ ಹಂಚಿದ್ದರೆ ರೈತನೂ ಉಳಿಯುತ್ತಿದ್ದ, ಮಗುವೂ ನಗುತ್ತಿತ್ತು. ಕೇಕಿನ ಮೇಲೆ ಕೋಪಗೊಂಡವರು ಈ ಪ್ರಶ್ನೆ ಕೇಳಬೇಕಿತ್ತು.

ಹೊಲಕ್ಕೂ ಅಡುಗೆಮನೆಗೂ ನಡುವೆ ಇನ್ನೊಬ್ಬನಿದ್ದ. ತಳ್ಳುಗಾಡಿಯವನು. ಆ ಏಪ್ರಿಲ್‌ನಲ್ಲಿ ಅವನ ಹಣ್ಣಿಗಿಂತ ಮೊದಲು ಅವನ ಹೆಸರನ್ನು ವಿಚಾರಿಸಲಾಯಿತು. ಮಧ್ಯಪ್ರದೇಶದ ರಾಯಸೇನ್‌ನ ಹಣ್ಣಿನ ವ್ಯಾಪಾರಿಯೊಬ್ಬ ಬೆರಳು ನೆಕ್ಕಿ ಹಣ್ಣು ಜೋಡಿಸುತ್ತಿದ್ದ ದೃಶ್ಯವನ್ನು ವೈರಸ್ ಹರಡುವ ಸಂಚು ಎಂಬಂತೆ ಮೊಬೈಲಿನಿಂದ ಮೊಬೈಲಿಗೆ ಹಂಚಿದರು. ಅದು ಫೆಬ್ರವರಿಯಲ್ಲಿ, ಲಾಕ್‌ಡೌನಿಗೂ ಮೊದಲು ಚಿತ್ರಿಸಿದ್ದೆಂದು ಸತ್ಯಶೋಧಕರು ತೋರಿಸಿಕೊಟ್ಟರೂ ಸುಳ್ಳು ಅಷ್ಟರಲ್ಲಿ ಊರೂರು ಸುತ್ತಿಯಾಗಿತ್ತು. ನಮ್ಮ ರಾಜ್ಯದಲ್ಲೂ ಕೆಲವು ಬಡಾವಣೆಗಳ ಬಾಗಿಲಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಪ್ರವೇಶವಿಲ್ಲವೆಂಬ ಫಲಕಗಳು ಎದ್ದವು. ರೋಗ ಹರಡಿದ್ದಕ್ಕೆ ಇಡೀ ಸಮುದಾಯವನ್ನು ದೂಷಿಸಿದರೆ ಕ್ರಮ ಜರುಗಿಸುವುದಾಗಿ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಏಪ್ರಿಲ್ ಮೊದಲ ವಾರದಲ್ಲೇ ಎಚ್ಚರಿಸಿದರು. ಆ ಮಾತನ್ನು ಮೆಚ್ಚಲೇಬೇಕು. ಆದರೆ ಬೀದಿಯಲ್ಲಿ ಬಿತ್ತಿದ ವಿಷ ಎಚ್ಚರಿಕೆಯ ಒಂದು ಮಾತಿಗೆ ಒಣಗಲಿಲ್ಲ. ಎರಡು ವರ್ಷಗಳ ನಂತರ, 2022ರ ಏಪ್ರಿಲ್‌ನಲ್ಲಿ, ಧಾರವಾಡದ ನುಗ್ಗಿಕೇರಿಯಲ್ಲಿ ಬಡ ವ್ಯಾಪಾರಿಯೊಬ್ಬರ ಕಲ್ಲಂಗಡಿ ಹಣ್ಣುಗಳನ್ನು ನೆಲಕ್ಕೆ ಎಸೆದು ಒಡೆದರು. ಹಣ್ಣಿಗೂ ಜಾತಿ-ಧರ್ಮ ಹಚ್ಚುವ ಅಭ್ಯಾಸ ಒಂದು ದಿನದಲ್ಲಿ ಬರುವುದಿಲ್ಲ.

ಆ ವ್ಯಾಪಾರಿಗೆ ರಮಝಾನ್ ತಿಂಗಳೆಂದರೆ ವರ್ಷದ ಒಳ್ಳೆಯ ಗಳಿಕೆಯ ಕಾಲ. 2020ರಲ್ಲಿ ಅದು ಲಾಕ್‌ಡೌನಿನ ನಡುವೆಯೇ ಬಂತು, ಮಸೀದಿಗಳ ಸಾಮೂಹಿಕ ಇಫ್ತಾರ್‌ಗಳಿಲ್ಲದೆ ಕಳೆಯಿತು. ಜೂನ್ 1ರಂದು ಕೇಂದ್ರ ಸರಕಾರ ಬೀದಿ ವ್ಯಾಪಾರಿಗಳಿಗಾಗಿ ಸ್ವನಿಧಿ ಯೋಜನೆ ತಂದಿತು. ಕೊಟ್ಟಿದ್ದು 10,000 ರೂಪಾಯಿ, ಅದೂ ಸಾಲ. ಬಾಗಿಲು ಮುಚ್ಚಿಸಿದ್ದು ನಾವು, ಸಾಲ ಹೊತ್ತದ್ದು ಅವನು!

ಇನ್ನು ನೆನೆದು ಸುಖಪಡುವವರ ಸರದಿ. ಮನೆಮಂದಿ ಒಟ್ಟಿಗಿದ್ದರು, ನಿಜ. ಒಟ್ಟಿಗೆ ದುಡಿದರೇ? ಕೆಲಸದವರು ಬರುವಂತಿರಲಿಲ್ಲ. ಮಕ್ಕಳಿಗೆ ಶಾಲೆಯಿಲ್ಲ, ಗಂಡಸರಿಗೆ ಕಚೇರಿಯಿಲ್ಲ, ಹೋಟೆಲಿಲ್ಲ. ಮಸೀದಿಯಲ್ಲಿ ಹತ್ತಾರು ಕೈಗಳು ಸೇರಿ ಮಾಡುತ್ತಿದ್ದ ಇಫ್ತಾರಿನ ಸಿದ್ಧತೆಯೂ ಪ್ರತಿಯೊಂದು ಮನೆಯ ಒಬ್ಬಳ ತಲೆಗೆ ಬಿತ್ತು. ಉಪವಾಸದಲ್ಲೇ ಹಿಟ್ಟು ಕಲಸಿ, ಬೇಯಿಸಿ, ಪಾತ್ರೆ ತೊಳೆದವಳನ್ನು ಕೇಳಿ ನೋಡಿ, ಆ ಕೇಕ್ ಎಷ್ಟು ಸಿಹಿಯಾಗಿತ್ತೆಂದು.

ಅಂಕಿಅಂಶ ಬೇಕೆನ್ನುವವರಿಗೆ ಸರಕಾರದ್ದೇ ಲೆಕ್ಕವಿದೆ. 2019ರ ಸಮಯ ಬಳಕೆಯ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಾರೆ, ಗಂಡಸರು 97 ನಿಮಿಷ. ಅಂತಹ ಕೆಲಸಕ್ಕೆ ಕೈಹಾಕುವ ಗಂಡಸರೇ ನೂರಕ್ಕೆ 26 ಮಂದಿ. ಇದು ಕೊರೋನಾಕ್ಕೆ ಮೊದಲಿನ ಮಾತು. ಆಮೇಲೆ ಏಪ್ರನ್ ಕಟ್ಟಿ ಕೇಕ್ ಕತ್ತರಿಸಿದ ಪತಿರಾಯರ ಫೋಟೋಗಳನ್ನು ನಾವೆಲ್ಲ ನೋಡಿದೆವು. ಅವರು ಪಾಠ ಕಲಿತಿದ್ದರೆ ಲೆಕ್ಕ ಬದಲಾಗಬೇಕಿತ್ತಲ್ಲವೇ? 2024ರ ಸಮೀಕ್ಷೆಯಲ್ಲಿ ಹೆಂಗಸರದ್ದು 289 ನಿಮಿಷ, ಗಂಡಸರದ್ದು 88. ಕೈಹಾಕುವ ಗಂಡಸರು ನೂರಕ್ಕೆ 27. ಫೋಟೋ ಉಳಿಯಿತು, ಏಪ್ರನ್ ಮೊಳೆಗೆ ಹೋಯಿತು. 'ಒಟ್ಟಿಗಿದ್ದ' ಎಲ್ಲ ಮನೆಗಳೂ ಸುಖದ ಮನೆಗಳಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ದೌರ್ಜನ್ಯದ ದೂರುಗಳು ಹೆಚ್ಚಿದಾಗ, 2020ರ ಏಪ್ರಿಲ್‌ನಲ್ಲಿ, ರಾಷ್ಟ್ರೀಯ ಮಹಿಳಾ ಆಯೋಗವು ನೊಂದ ಹೆಂಗಸರಿಗಾಗಿ ಪ್ರತ್ಯೇಕ ವಾಟ್ಸಪ್ ಸಂಖ್ಯೆಯನ್ನೇ ತೆರೆಯಬೇಕಾಯಿತು.

ಆದರೂ ಆ ಒಲೆಯ ಮುಂದೆ ಕೆಲವರಿಗೆ ಹೊಸ ದಾರಿ ಕಂಡದ್ದುಂಟು. ಗಂಡನ ಗಳಿಕೆ ನಿಂತ ಮನೆಗಳಲ್ಲಿ ಹಣ್ಣಿನ ಕೇಕ್, ಪುಡ್ಡಿಂಗ್ ಮಾಡಿ ಮಾರಿದ ಹೆಂಗಸರು ನಮ್ಮ ಊರುಗಳಲ್ಲೇ ಇದ್ದಾರೆ. ಇಂಥ ಸಣ್ಣ ತಯಾರಕರಿಗೆ ಆಗ ಆಹಾರ ಸುರಕ್ಷತಾ ಪ್ರಾಧಿಕಾರದ ಮೂಲ ನೋಂದಣಿಗೆ ಇದ್ದ ಶುಲ್ಕ ವರ್ಷಕ್ಕೆ ನೂರು ರೂಪಾಯಿ. ಆದರೆ ಎಷ್ಟು ಮಂದಿಗೆ ಯಾರು ಇದನ್ನು ತಿಳಿಸಿದರು? ಬೇಕರಿಯಲ್ಲಿ ಬೆಲೆ ಕೇಳದೆ ಹಣ ಎಣಿಸುವವರು, ನೆರೆಮನೆಯಾಕೆಯ ಮುಂದೆ 'ಮನೆಯಲ್ಲೇ ಮಾಡಿದ್ದಲ್ಲವೇ, ಸ್ವಲ್ಪ ಕಡಿಮೆ ಮಾಡಿ' ಎಂದು ಚೌಕಾಸಿಗೆ ನಿಲ್ಲುತ್ತಾರೆ. ಮೈದಾ, ಬೆಣ್ಣೆ, ಗ್ಯಾಸ್‌ಗೆ ಬೆಲೆಯಿದೆ, ಅವಳ ಕೈಗೆ ಮಾತ್ರ ಬೆಲೆಯಿಲ್ಲ. ಹೆಣ್ಣಿನ ದುಡಿಮೆಗೆ 'ಹವ್ಯಾಸ' ಎಂಬ ಸುಂದರ ಹೆಸರಿಟ್ಟರೆ ಕೂಲಿ ಕೊಡುವ ತಾಪತ್ರಯ ತಪ್ಪುತ್ತದೆ!

ಆದ್ದರಿಂದ ಇಬ್ಬರಿಗೂ ಹೇಳಬೇಕಾದದ್ದು ಒಂದೇ. ಕೇಕನ್ನು ಬಯ್ಯುವವರೇ, ನಿಮ್ಮ ಕೋಪ ನ್ಯಾಯವಾದದ್ದೇ ಆದರೂ ಅದರ ವಿಳಾಸ ತಪ್ಪಿದೆ. ಅದನ್ನು ನಾಲ್ಕು ಗಂಟೆಯ ಗಡುವು ಕೊಟ್ಟವರಿಗೆ, ಹಣ್ಣು ಕೊಳೆಯಲು ಬಿಟ್ಟವರಿಗೆ, ತಳ್ಳುಗಾಡಿಯನ್ನು ತಡೆದವರಿಗೆ ತಲುಪಿಸಿ. ಕೇಕನ್ನು ಹಾಡಿ ಹೊಗಳುವವರೇ, ಹೊಗಳಿಕೆಯಿಂದ ಪಾತ್ರೆ ತೊಳೆದು ಹೋಗುವುದಿಲ್ಲ. ನಿಮಗೆ ಆ ದಿನಗಳು ಅಷ್ಟು ಸಿಹಿಯಾಗಿದ್ದರೆ ಅವುಗಳ ಬಾಕಿಯನ್ನು ಈಗಲಾದರೂ ತೀರಿಸಿ. ಅಡುಗೆಮನೆಯಲ್ಲಿ ನಿಮ್ಮ ಪಾಲಿನ ನಿಮಿಷಗಳನ್ನು ಕೊಡಿ. ಮನೆಯಲ್ಲಿ ಬೇಯಿಸಿ ಮಾರುವವಳು ಹೇಳಿದ ಬೆಲೆ ಕೊಡಿ. ಬಾಗಿಲಿಗೆ ಹಣ್ಣು ತಂದವನ ಹೆಸರು ಕೇಳುವುದಾದರೆ, ನಾಳೆ ಅವನನ್ನು ಹೆಸರು ಹಿಡಿದು ಕರೆಯುವುದಕ್ಕಾಗಿ ಮಾತ್ರ ಕೇಳಿ.