ಪರದೇಶದಲ್ಲಿ ಪರರ ಮನೆ

ವರ್ಷಂಪ್ರತಿ ಆಗಸ್ಟ್-ಸಪ್ಟೆಂಬರ್ ತಿಂಗಳು ಬಂದಿತೆಂದರೆ ಮುಂಬಯಿಯ ವಿಮಾನನಿಲ್ದಾಣದ ಹೊರಗೆ ಒಂದು ದೃಶ್ಯ ಕಾಣಸಿಗುತ್ತದೆ. ವಿದ್ಯಾರ್ಜನೆಗೆಂದು ಪರದೇಶಕ್ಕೆ ಹೊರಟ ಮಗುವಿನ ಚೀಲದಲ್ಲಿ ಚಟ್ನಿಪುಡಿಯ ಡಬ್ಬಿ ಇದೆಯೇ ಎಂದು ತಾಯಿ ಇನ್ನೊಮ್ಮೆ ಮುಟ್ಟಿ ನೋಡುತ್ತಾಳೆ. ತಂದೆ "ಹೊಂದಿಕೊಂಡು ಹೋಗು" ಎಂಬ ಒಂದೇ ಮಾತನ್ನು ಮೂರು ಬಾರಿ ಹೇಳುತ್ತಾನೆ. ಇಂತಹ ತಂದೆಯರು ಈಗ ಧನಿಕರು ಮಾತ್ರವೇ ಅಲ್ಲ. ಹೊಟೇಲಿನ ಗಲ್ಲೆಯಲ್ಲಿ ಕುಳಿತವರೂ, ಬ್ಯಾಂಕಿನ ಸಾಲಪತ್ರಕ್ಕೆ ರುಜು ಹಾಕಿದ ಗುಮಾಸ್ತರೂ ಅವರಲ್ಲಿದ್ದಾರೆ. ಆದುದರಿಂದ ಆ ಒಂದು ಮಾತು ಸಾಕೇ ಎಂಬುದನ್ನು ನಮ್ಮ ವಾಚಕರೊಡನೆ ವಿಚಾರ ಮಾಡುವುದು ಅಪ್ರಸ್ತುತವಾಗಲಾರದು.

ಹೀಗೆ ಹೋದವರಲ್ಲಿ ಹಲವರು ವಿದ್ಯಾರ್ಥಿನಿಲಯ ಸೇರುತ್ತಾರೆ. ಕೆಲವರು, ಅದರಲ್ಲೂ ಎಳೆಯರು, ಆ ದೇಶದ ಒಂದು ಕುಟುಂಬದಲ್ಲಿ ಉಳಿಯುತ್ತಾರೆ. ವಾರಕ್ಕಿಷ್ಟೆಂದು ಹಣ ಪಡೆಯುವ ಕುಟುಂಬಗಳುಂಟು. ಬಿಡಿಕಾಸನ್ನೂ ಪಡೆಯದೆ ಮನೆಯವರಲ್ಲಿ ಒಬ್ಬರಂತೆ ನೋಡಿಕೊಳ್ಳುವ ಕುಟುಂಬಗಳೂ ಉಂಟು. ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕದ ಸ್ವಯಂಸೇವಕರು, ಪರಸ್ಪರ ಪರಿಚಯದಿಂದ ವೈರ ಕಡಿಮೆಯಾದೀತೆಂಬ ಆಶೆಯಿಂದ, 1947ರಲ್ಲಿ ಶಾಲಾ ವಿದ್ಯಾರ್ಥಿಗಳಿಗಾಗಿ ಇಂತಹ ಏರ್ಪಾಟನ್ನು ಆರಂಭಿಸಿದರು. ಎ.ಎಫ್.ಎಸ್. ಎಂಬ ಆ ಸಂಸ್ಥೆ ಇಂದಿಗೂ ನಡೆದು ಬಂದಿದೆ.

ಪರರ ಮನೆಯ ವಾಸದ ಕಷ್ಟವೇನೆಂಬುದಕ್ಕೆ ಇನ್ನೂ ಹಿಂದಿನ ಒಂದು ಉದಾಹರಣೆ ನಮ್ಮ ಕಣ್ಣ ಮುಂದಿದೆ. 1888ರ ಸಪ್ಟೆಂಬರ್ 4ರಂದು ಇದೇ ಮುಂಬಯಿಯಿಂದ ಹಡಗನ್ನೇರಿ ಲಂಡನ್ನಿಗೆ ಹೋದ ಮೋಹನದಾಸ ಗಾಂಧಿಯವರಿಗೆ ಆಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮಾಂಸ ಮುಟ್ಟೆನೆಂದು ತಾಯಿಗೆ ವಚನವಿತ್ತಿದ್ದರು. ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ ವಿಧವೆಯೊಬ್ಬರ ಮನೆಯಲ್ಲಿ ವಸತಿಯಾಯಿತು. ಊಟ ಹಿಡಿಸಿತೇ ಎಂದು ಆ ವೃದ್ಧೆ ದಿನವೂ ಕೇಳುತ್ತಿದ್ದರು. ಅವರ ಹೆಣ್ಣುಮಕ್ಕಳಿಬ್ಬರು ಒಂದೆರಡು ಚೂರು ರೊಟ್ಟಿಯನ್ನು ಹೆಚ್ಚಾಗಿಯೇ ಬಡಿಸುತ್ತಿದ್ದರು. ಆದರೆ ಆ ತರುಣನ ಹೊಟ್ಟೆಗೆ ಇಡೀ ರೊಟ್ಟಿಯೇ ಬೇಕಾಗಿತ್ತು. ಕೇಳಲು ನಾಲಗೆ ಏಳಲಿಲ್ಲ. ಕೊನೆಗೆ, ದಿನಕ್ಕೆ ಹತ್ತು ಹನ್ನೆರಡು ಮೈಲಿ ಅಲೆದು ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಶಾಕಾಹಾರಿ ಭೋಜನಗೃಹವನ್ನು ಕಂಡಾಗಲೇ ಅವರು ಹೊಟ್ಟೆತುಂಬ ಉಂಡುದು. ಇದೆಲ್ಲವನ್ನೂ ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಇಲ್ಲಿ ಯಾರೂ ಕೆಟ್ಟವರಿಲ್ಲ. ಕೊಡುವವರಿಗೆ ಮನಸ್ಸಿತ್ತು, ಉಣ್ಣುವವನಿಗೆ ಹಸಿವಿತ್ತು. ನಡುವೆ ನಿಂತುದು ಸಂಕೋಚವೊಂದೇ.

ಈ ಸಂಕೋಚ ನಮ್ಮವರಿಗೆ ರಕ್ತಗತವಾದುದು. ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಓದಿದ ಹಿರಿಯರ ಕಥೆಗಳನ್ನು ಕೇಳಿ ಬೆಳೆದವರು ನಾವು. ಹಂಗಿನ ಅನ್ನವೆಂದು ಎರಡನೆಯ ಸಲ ಕೇಳದೆ ಎದ್ದವರು ಅವರು. ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಬೆಂಚಿನ ಮೇಲೆ ಮಲಗಿದ ಹುಡುಗರೂ ಊರಿಗೆ ಬರೆದುದು "ನಾನು ಕ್ಷೇಮ" ಎಂದೇ. ಆ ಮೌನಕ್ಕೆ ಅಂದು ಕಾರಣವಿತ್ತು. ಊರಲ್ಲಿದ್ದ ತಾಯಿಗೆ ಸತ್ಯ ತಿಳಿಸಿ ಮಾಡುವುದೇನಿತ್ತು?

ಆದರೆ ಪರದೇಶದ ಮನೆಯಲ್ಲಿ ಆ ಮೌನವನ್ನು ಅರ್ಥಮಾಡಿಕೊಳ್ಳುವವರಿಲ್ಲ. ನಮ್ಮಲ್ಲಿ "ಬೇಡ" ಎಂದವನಿಗೆ ಮೂರು ಸಲ ಉಪಚಾರ ಮಾಡುತ್ತಾರೆ. ಅಲ್ಲಿ "ಬೇಡ" ಎಂದರೆ ಬೇಡವೆಂದೇ ತಿಳಿದು ತಟ್ಟೆಯನ್ನು ಒಳಗೆ ಒಯ್ಯುತ್ತಾರೆ. ಆದುದರಿಂದ ಊಟದ ವೇಳೆ ಯಾವುದು, ಬಟ್ಟೆ ಒಗೆಯುವ ದಿನ ಯಾವುದು, ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರಬೇಕು ಎಂಬುದನ್ನು ಮೊದಲ ದಿನವೇ ಕೇಳಿ ತಿಳಿಯಬೇಕು. ಶಾಕಾಹಾರಿ ಎಂದರಷ್ಟೇ ಸಾಲದು. ಮೊಟ್ಟೆ, ಮೀನು ವರ್ಜ್ಯವಾದರೆ ಅದನ್ನೂ ಬಿಡಿಸಿ ಹೇಳಬೇಕು. ಉಂಡ ತಟ್ಟೆಯನ್ನು ತಾನೇ ತೊಳೆಯಬೇಕು. ಮೇಜು ಒರೆಸಿ ಸಂಸಾರ ಸಾಕಿದವರ ಮಕ್ಕಳಿಗೆ ಇದರಲ್ಲಿ ಅವಮಾನವೇನೂ ಇರಲಾರದು. ಮನೆ ನಿಜವಾಗಿಯೂ ಹಿತವಲ್ಲದಿದ್ದರೆ ಅದಕ್ಕೂ ದಾರಿಯುಂಟು. ಅಮೆರಿಕದ ಸರಕಾರೀ ನಿಯಮದಂತೆ, ವಿನಿಮಯ ಯೋಜನೆಯಲ್ಲಿ ಬಂದ ಶಾಲಾ ವಿದ್ಯಾರ್ಥಿಯನ್ನು ಸಂಸ್ಥೆಯ ಸ್ಥಳೀಯ ಪ್ರತಿನಿಧಿ ತಿಂಗಳಿಗೊಮ್ಮೆಯಾದರೂ ವಿಚಾರಿಸಲೇಬೇಕು. ಅವರ ಮುಂದೆ ದುಃಖವನ್ನು ನುಂಗಿಕೊಳ್ಳುವುದು ಸಹನೆಯಾಗದು. ಮನೆ ಬದಲಿಸುವುದು ಸೋಲೂ ಅಲ್ಲ.

ಹೆತ್ತವರಿಗೂ ಒಂದು ಮಾತು. ಈಗ ಪತ್ರಕ್ಕಾಗಿ ಕಾಯಬೇಕಿಲ್ಲ. ದಿನವೂ ಮುಖ ನೋಡಿ ಮಾತಾಡಬಹುದು. ಆದರೆ ಊಟದ ಹೊತ್ತಿನಲ್ಲಿ ಕೋಣೆಯ ಬಾಗಿಲು ಮುಚ್ಚಿ ಮುಂಬಯಿಯೊಡನೆ ಮಾತಾಡುವ ಮಗು ಆ ಮನೆಯವರೊಡನೆ ಬೆರೆಯುವುದೆಂತು? ಕರೆ ಕಡಿಮೆಯಾಗಲಿ, ಪ್ರಶ್ನೆ ನಿಜವಾದುದಾಗಲಿ. "ಚೆನ್ನಾಗಿದ್ದೀಯಾ?" ಎಂದರೆ "ಚೆನ್ನಾಗಿದ್ದೇನೆ" ಎಂಬ ಉತ್ತರವೇ ಬರುತ್ತದೆ, ನಾವೂ ಒಂದು ಕಾಲದಲ್ಲಿ ಅದನ್ನೇ ಬರೆದವರಲ್ಲವೆ? "ಇಂದು ಏನು ಉಂಡೆ? ಯಾರ ಜತೆಯಲ್ಲಿ ಕುಳಿತು ಉಂಡೆ?" ಎಂದು ಕೇಳಿದರೆ ನಿಜ ತಿಳಿದೀತು. "ಹೊಂದಿಕೊಂಡು ಹೋಗು" ಎಂದು ಹರಸುವ ತಂದೆ, "ಬೇಕಾದುದನ್ನು ಬಾಯಿಬಿಟ್ಟು ಕೇಳು" ಎಂಬ ಮಾತನ್ನೂ ಅದರೊಡನೆ ಕಟ್ಟಿ ಕಳುಹಿಸಲಿ. ಚಟ್ನಿಪುಡಿ ಒಂದು ತಿಂಗಳಿಗೆ ಮುಗಿಯುತ್ತದೆ. ಈ ಬುತ್ತಿ ಕೊನೆಯವರೆಗೂ ಬರುತ್ತದೆ.