ಉಳಿದದ್ದು ಏನಾಗುತ್ತಿದೆ?

ರೋಧ ಜಾಸ್ತಿಯಾದರೆ ಬಿಸಿ ಜಾಸ್ತಿಯಾಗುತ್ತದೋ, ಕಡಿಮೆಯಾಗುತ್ತದೋ?

ಕೇಳಿದವಳು ಪಕ್ಕದ ಮನೆಯ ಎಸ್ಸೆಸ್ಸೆಲ್ಸಿ ಹುಡುಗಿ. ಅವಳ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಎರಡು ಸೂತ್ರಗಳು ಮೇಲೊಂದು ಕೆಳಗೊಂದು ಕೂತಿದ್ದವು. ವಿದ್ಯುತ್ ಸಾಮರ್ಥ್ಯ ಅಂದರೆ ‘ಐ ಸ್ಕ್ವೇರ್ ಆರ್’ ಅಂತ ಒಂದು, ‘ವಿ ಸ್ಕ್ವೇರ್ ಬೈ ಆರ್’ ಅಂತ ಇನ್ನೊಂದು. ಮೊದಲನೆಯದರಲ್ಲಿ ರೋಧ ಮೇಲಿದೆ, ಎರಡನೆಯದರಲ್ಲಿ ಕೆಳಗಿದೆ. ರೋಧ ಇಮ್ಮಡಿಯಾದರೆ ಒಂದರ ಪ್ರಕಾರ ಬಿಸಿ ಇಮ್ಮಡಿ, ಇನ್ನೊಂದರ ಪ್ರಕಾರ ಅರ್ಧ. ಎರಡೂ ಸೂತ್ರ ಸರಿ ಅನ್ನುತ್ತದೆ ಪುಸ್ತಕ. ತರಗತಿಯಲ್ಲಿ ಕೇಳಿದ್ದಕ್ಕೆ, ಲೆಕ್ಕದಲ್ಲಿ ಏನೇನು ಕೊಟ್ಟಿದ್ದಾರೆ ನೋಡಿಕೊಂಡು ಅದಕ್ಕೆ ಹೊಂದುವ ಸೂತ್ರ ಹಾಕು ಅಂದರಂತೆ.

ಸಲಹೆ ಕೆಟ್ಟದ್ದೇನಲ್ಲ, ಅಂಕ ತರುತ್ತದೆ. ಆದರೆ ಅವಳು ಕೇಳಿದ್ದಕ್ಕೆ ಅದು ಉತ್ತರವಾಗಲಿಲ್ಲ. ಅವಳ ಪ್ರಶ್ನೆಯಲ್ಲೇ ಒಂದು ತುಂಡು ಬಿಟ್ಟುಹೋಗಿತ್ತು, ಪುಸ್ತಕದಲ್ಲೂ ಅದೇ ತುಂಡು ಬಿಟ್ಟುಹೋಗಿದೆ: ರೋಧವನ್ನು ಬದಲಾಯಿಸುವಾಗ ಉಳಿದವುಗಳಲ್ಲಿ ಯಾವುದು ಅಲ್ಲಾಡದೆ ನಿಂತಿದೆ? ಅದನ್ನು ಹೇಳದ ಹೊರತು ‘ಹೆಚ್ಚೋ ಕಡಿಮೆಯೋ’ ಎಂಬುದಕ್ಕೆ ಉತ್ತರವೇ ಇಲ್ಲ. ಸೂತ್ರವಂತೂ ಅದನ್ನು ಹೇಳುವುದಿಲ್ಲ. ಪರಿಮಾಣಗಳ ನಂಟಿನ ಬಗ್ಗೆ ಮಕ್ಕಳು ಕೇಳುವ, ನಾವು ಪೆದ್ದು ಎಂದು ತಳ್ಳಿಬಿಡುವ ಪ್ರಶ್ನೆಗಳಲ್ಲಿ ಬಹುಪಾಲು ಸೂತ್ರ ನುಂಗಿಕೊಂಡಿರುವ ಈ ತುಂಡನ್ನೇ ಹುಡುಕುತ್ತಿರುತ್ತವೆ ಎಂಬುದು ನನ್ನ ವಾದ.

ಬಲ್ಬನ್ನೇ ನೋಡಿ. ಮನೆಯ ಪ್ಲಗ್ಗಿನಲ್ಲಿ 230 ವೋಲ್ಟ್. ನೀವು ಬಲ್ಬು ಹಾಕಿ, ಇಸ್ತ್ರಿಪೆಟ್ಟಿಗೆ ಹಾಕಿ, ಆ ಸಂಖ್ಯೆಯನ್ನು ಹೆಚ್ಚುಕಡಿಮೆ ಹಾಗೇ ಹಿಡಿದುಕೊಳ್ಳುವುದು ವಿದ್ಯುತ್ ಕಂಪನಿಯ ತಲೆನೋವು. ಇಲ್ಲಿ 100 ವ್ಯಾಟಿನ ಹಳೇ ತಂತಿ ಬಲ್ಬಿನ ರೋಧ ಉರಿಯುವಾಗ 529 ಓಮ್, 40 ವ್ಯಾಟಿನದು ಸುಮಾರು 1,322 ಓಮ್. ರೋಧ ಹೆಚ್ಚಿದ್ದದ್ದು ಮಂಕು. ಈಗ ಅವೇ ಎರಡು ಬಲ್ಬುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ ಹಾಗೆ ಸರಣಿಯಲ್ಲಿ ಜೋಡಿಸಿ. ನಾನು ಪಿಯುಸಿಯಲ್ಲಿದ್ದಾಗ ಹಲಗೆಯ ಮೇಲೆ ಎರಡು ಹೋಲ್ಡರ್ ಹೊಡೆದು ಇದನ್ನು ಮಾಡಿ ನೋಡಿ ಬೆಪ್ಪಾಗಿದ್ದೆ. ನಲವತ್ತರದ್ದು ಬೆಳಗುತ್ತದೆ, ನೂರರದ್ದು ಕೆಂಪಗೆ ಮಿಣುಕುವುದೂ ಕಷ್ಟ. ಒಂದೇ ದಾರಿಯಾದ್ದರಿಂದ ಎರಡರಲ್ಲೂ ಹರಿಯುವ ಪ್ರವಾಹ ಒಂದೇ, ಹಾಗಾಗಿ ರೋಧ ಹೆಚ್ಚಿದ್ದದ್ದಕ್ಕೆ ಬಿಸಿಯ ಪಾಲೂ ಹೆಚ್ಚು. ರೋಧ ಬದಲಾಗುವುದಿಲ್ಲ ಎಂದುಕೊಂಡು ಲೆಕ್ಕ ಹಾಕಿದರೆ ಚಿಕ್ಕ ಬಲ್ಬಿಗೆ 20 ವ್ಯಾಟ್, ದೊಡ್ಡದಕ್ಕೆ 8 ವ್ಯಾಟ್. ತಣ್ಣಗಿರುವ ತಂತಿಯ ರೋಧ ಇನ್ನೂ ಕಡಿಮೆ ಇರುವುದರಿಂದ ನಿಜದಲ್ಲಿ ತಾರತಮ್ಯ ಇನ್ನೂ ಜೋರು.

ಬಲ್ಬುಗಳೂ ಅವೇ, ಸೂತ್ರಗಳೂ ಅವೇ. ಮೊದಲ ಸಲ ಅಲ್ಲಾಡದೆ ನಿಂತದ್ದು ವೋಲ್ಟೇಜು, ಎರಡನೆಯ ಸಲ ಎರಡಕ್ಕೂ ಸಮನಾದದ್ದು ಪ್ರವಾಹ. ಇದನ್ನು ಕಂಡುಕೊಂಡದ್ದು ಬೀಜಗಣಿತದಿಂದಲ್ಲ, ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡಿದ್ದರಿಂದ.

ಇದರ ಅಣ್ಣನಂಥ ಪ್ರಶ್ನೆಯೊಂದು ಪಿಯುಸಿ ಹುಡುಗರದು. ಓಮನ ನಿಯಮದಂತೆ ವೋಲ್ಟೇಜ್ ಏರಿಸಿದರೆ ಪ್ರವಾಹ ಏರಬೇಕು. ಆದರೆ ದೂರಕ್ಕೆ ವಿದ್ಯುತ್ ಸಾಗಿಸುವಾಗ ವೋಲ್ಟೇಜ್ ಏರಿಸುವುದು ಪ್ರವಾಹ ಇಳಿಸುವುದಕ್ಕೆ ಅನ್ನುತ್ತಾರಲ್ಲ, ಯಾವುದನ್ನು ನಂಬುವುದು? 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದು ಹೋಗಲು ಸಾಧ್ಯವಾದದ್ದು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದರಿಂದ. ಸರಳವಾಗಿ ಲೆಕ್ಕ ಹಾಕೋಣ. ನೂರು ಕಿಲೋವ್ಯಾಟ್ ಕಳಿಸಬೇಕು ಅಂದುಕೊಳ್ಳಿ. 230 ವೋಲ್ಟಿನಲ್ಲಿ ಕಳಿಸಿದರೆ ತಂತಿಯಲ್ಲಿ ಸುಮಾರು 435 ಆಂಪಿಯರ್ ಹರಿಯಬೇಕು, 30,000 ವೋಲ್ಟಿನಲ್ಲಾದರೆ ಬರೀ 3.3. ತಂತಿ ಬಿಸಿಯಾಗಿ ಪೋಲಾಗುವುದು ಪ್ರವಾಹದ ವರ್ಗದಂತೆ, ಅಂದರೆ ಅದೇ ತಂತಿಯಲ್ಲಿ ಪೋಲು ಸುಮಾರು 17,000 ಪಟ್ಟು ಕಡಿಮೆ. ಇಲ್ಲಿ ಅಲ್ಲಾಡದೆ ನಿಂತದ್ದು ಸಾಮರ್ಥ್ಯ. ಗಣಿಗೆ ಬೇಕಾದದ್ದು ಇಷ್ಟು ಎಂದು ಮೊದಲೇ ನಿಗದಿಯಾಗಿದೆ. ಓಮನ ನಿಯಮವೇನೂ ಸುಳ್ಳಾಗಲಿಲ್ಲ. ಅದರಲ್ಲಿರುವ ವೋಲ್ಟೇಜು ತಂತಿಯ ಈ ತುದಿಗೂ ಆ ತುದಿಗೂ ನಡುವಿನ ವ್ಯತ್ಯಾಸ. 30,000 ಎಂಬುದು ಹೋಗುವ ತಂತಿಗೂ ಬರುವ ತಂತಿಗೂ ನಡುವಿನದು. ಒಂದೇ ಅಕ್ಷರ, ಎರಡು ಬೇರೆ ವಸ್ತು. ಹುಡುಗರಿಗೆ ಗೊಂದಲವಾಗುವುದು ಸಹಜ, ಆಗದಿದ್ದರೆ ನನಗೆ ಅನುಮಾನ ಬರುತ್ತದೆ.

ಗಣಿತದ ಮೇಷ್ಟ್ರು ಇಲ್ಲಿ ಅಡ್ಡ ಬರಬಹುದು. ಬಂದರೆ ಅವರ ಮಾತಿಗೂ ತೂಕವಿದೆ. ಸಮೀಕರಣ ಇಷ್ಟು ಬಲಶಾಲಿಯಾದದ್ದೇ ಈ ತಾಪತ್ರಯಗಳನ್ನೆಲ್ಲ ಮರೆತದ್ದರಿಂದ. 1557ರಲ್ಲಿ ರಾಬರ್ಟ್ ರೆಕಾರ್ಡ್ ಸಮ ಚಿಹ್ನೆಗೆ ಎರಡು ಸಮಾಂತರ ಗೆರೆಗಳನ್ನು ಆರಿಸಿಕೊಂಡಾಗ, ಇದಕ್ಕಿಂತ ಸಮನಾದ ಜೋಡಿ ಬೇರಿಲ್ಲ ಎಂದು ಕಾರಣ ಕೊಟ್ಟಿದ್ದ. ಆ ಗೆರೆಗಳ ಎಡಕ್ಕೂ ಬಲಕ್ಕೂ ಮೇಲುಕೀಳಿಲ್ಲ. ಯಾರು ಕಾರಣ, ಯಾರು ಪರಿಣಾಮ, ಯಾವುದು ಮೊದಲು ಎಂದು ಅವು ಕೇಳುವುದಿಲ್ಲ. ಹಾಗೆ ಕೇಳದ್ದರಿಂದಲೇ ಅಕ್ಷರಗಳನ್ನು ಆಚೆಯಿಂದ ಈಚೆಗೆ ದಾಟಿಸಿ, ಬೇಕಾದ್ದನ್ನು ಹೆಕ್ಕಿ ತೆಗೆಯಬಹುದು. ಪ್ರತಿ ಹೆಜ್ಜೆಗೂ ‘ಇದರರ್ಥ ಏನು’ ಎಂದು ನಿಂತರೆ ಲೆಕ್ಕ ಮುಗಿಯುವುದೇ ಇಲ್ಲ. ನಲವತ್ತೈದು ನಿಮಿಷದ ಪೀರಿಯಡ್ಡಿನಲ್ಲಿ ಅರವತ್ತು ಮಕ್ಕಳನ್ನು ಇಟ್ಟುಕೊಂಡವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು.

ಒಪ್ಪಿದೆ. ಆದರೆ ಮರೆಯುವುದಕ್ಕೂ ಮೊದಲು ಒಮ್ಮೆ ಗೊತ್ತಿರಬೇಕು. ಸಾಂದ್ರತೆ ಅಂದರೆ ದ್ರವ್ಯರಾಶಿ ಭಾಗಿಸು ಗಾತ್ರ ಎಂದು ಕಲಿತ ಹುಡುಗನಿಗೆ ಒಂದು ಅಚ್ಚು ಬೆಲ್ಲ ಕೊಟ್ಟು, ಮುರಿದು ಅರ್ಧ ಮಾಡಿ ಸಾಂದ್ರತೆ ಏನಾಯಿತು ಕೇಳಿ. ದ್ರವ್ಯರಾಶಿ ಮೇಲಿದೆ, ಅದು ಅರ್ಧವಾಯಿತು, ಆದ್ದರಿಂದ ಸಾಂದ್ರತೆಯೂ ಅರ್ಧ ಎನ್ನುವವರಿದ್ದಾರೆ. ಗಾತ್ರ ಕೆಳಗಿದೆ, ಅದು ಅರ್ಧವಾಯಿತು, ಆದ್ದರಿಂದ ಇಮ್ಮಡಿ ಎನ್ನುವವರೂ ಇದ್ದಾರೆ. ಅದೇ ಹುಡುಗನ ಬಾಯಿಗೆ ಆ ತುಂಡು ಹಾಕಿದರೆ, ಬೆಲ್ಲ ಬೆಲ್ಲವೇ ಎಂದು ಅವನಿಗೆ ಗೊತ್ತು. ಗೊತ್ತಿರುವುದನ್ನು ಸೂತ್ರದ ಮುಂದೆ ಕೈಬಿಡುವಂತೆ ಅವನಿಗೆ ಅಭ್ಯಾಸ ಮಾಡಿಸಿದವರು ನಾವು.

ನಮ್ಮ ಹಳೆಯ ಗಣಿತಜ್ಞರು ಈ ಬಗ್ಗೆ ಇನ್ನೂ ಎಚ್ಚರವಾಗಿದ್ದರು ಅನ್ನಿಸುತ್ತದೆ. ಮೂರು ಸಂಖ್ಯೆ ಕೊಟ್ಟು ನಾಲ್ಕನೆಯದನ್ನು ಕಂಡುಹಿಡಿಯುವ ತ್ರೈರಾಶಿಕ ಆರ್ಯಭಟನಲ್ಲೂ ಇದೆ. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ ರಾಜಾದಿತ್ಯನಲ್ಲೂ ಇದೆ. ಭಾಸ್ಕರಾಚಾರ್ಯ 1150ರ ‘ಲೀಲಾವತಿ’ಯಲ್ಲಿ ಮೊದಲು ನೇರ ತ್ರೈರಾಶಿಕ ಹೇಳಿ, ಆಮೇಲೆ ಅದನ್ನು ಎಲ್ಲೆಲ್ಲಿ ತಿರುಗಿಸಿ ವ್ಯಸ್ತವಾಗಿ ಮಾಡಬೇಕು ಎಂದು ಪಟ್ಟಿ ಕೊಡುತ್ತಾನೆ. ಜೀವಿಗಳ ವಯಸ್ಸು ಮತ್ತು ಬೆಲೆ, ಚಿನ್ನದ ಬಣ್ಣ (ಅಂದರೆ ಅಪ್ಪಟತನ) ಮತ್ತು ತೂಕ, ಧಾನ್ಯದ ರಾಶಿಯನ್ನು ಬೇರೆ ಬೇರೆ ಅಳತೆಗಳಿಂದ ಅಳೆಯುವುದು. ಎಲ್ಲಿ ತಿರುಗಿಸಬೇಕೆಂಬುದು ಲೆಕ್ಕದೊಳಗಿನ ಜ್ಞಾನವಲ್ಲ, ಸಂತೆಯ, ಕಣದ, ಅಕ್ಕಸಾಲಿಯ ಅಂಗಡಿಯ ಜ್ಞಾನ ಎಂದು ಆ ಪಟ್ಟಿಯೇ ಹೇಳುತ್ತದೆ. ಕಣದ ರಾಶಿ ಅಷ್ಟೇ ಇರುವುದರಿಂದ ಕೊಳಗ ದೊಡ್ಡದಾದಷ್ಟೂ ಎಣಿಕೆ ಕಡಿಮೆ. ಕೊಡುವ ಹಣ ಅಷ್ಟೇ ಇರುವುದರಿಂದ ಚಿನ್ನ ಅಪ್ಪಟವಾದಷ್ಟೂ ಸಿಗುವ ತೂಕ ಕಡಿಮೆ.

ಜೀವಿಗಳ ವಯಸ್ಸು ಮತ್ತು ಬೆಲೆ ಎಂಬಲ್ಲಿ ಬರುವ ಎತ್ತಿನ ಲೆಕ್ಕ ಮಾತ್ರ ನನ್ನ ಗಂಟಲಿಗೆ ಇಳಿಯುವುದಿಲ್ಲ. ವಯಸ್ಸಾದಂತೆ ಎತ್ತಿನ ಬೆಲೆ ಇಳಿಯುತ್ತದೆ, ನಿಜ. ಆದರೆ ನಾಲ್ಕು ವರ್ಷದ್ದಕ್ಕೆ ಎಂಟು ವರ್ಷದ್ದರ ಸರಿಯಾಗಿ ಎರಡು ಪಟ್ಟು ಬೆಲೆ ಎಂದು ಯಾವ ಜಾತ್ರೆಯಲ್ಲಿ ಕೂಗುತ್ತಾರೆ? ಹಾಗೇ ಹಿಂದಕ್ಕೆ ಹೋದರೆ ನಿನ್ನೆ ಹುಟ್ಟಿದ ಕರುವನ್ನು ಕೊಳ್ಳಲು ಅರಮನೆ ಮಾರಬೇಕು! ರಾಶಿಯ ಹಾಗೆ ಇಲ್ಲಿ ಅಲ್ಲಾಡದೆ ನಿಂತದ್ದು ಏನೂ ಇಲ್ಲ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಎಂಬುದು ಬೇರೆ, ಎರಡರ ಗುಣಲಬ್ಧ ಸ್ಥಿರ ಎಂಬುದು ಬೇರೆ. ಇವತ್ತಿನ ತರಗತಿಯಲ್ಲೂ ‘ವಿಲೋಮ ಅನುಪಾತ’ ಎಂಬ ಹೆಸರಿನಲ್ಲಿ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತೇವೆ.

ನೇರ ಅನುಪಾತದ ಮೇಲಿನ ನಮ್ಮ ಮೋಹವೂ ಕಡಿಮೆಯೇನಲ್ಲ. ಕಾವಲಿಯ ಮೇಲಿನ ದೋಸೆಯ ಅಗಲ ಇಮ್ಮಡಿಯಾದರೆ ಹಿಟ್ಟು ಎಷ್ಟು ಬೇಕು? ಇಮ್ಮಡಿ ಎಂದು ಥಟ್ಟನೆ ಬಾಯಿಗೆ ಬರುತ್ತದೆ. ದಪ್ಪ ಅಷ್ಟೇ ಇದ್ದರೆ ಬೇಕಾದದ್ದು ನಾಲ್ಕು ಪಟ್ಟು. ಪ್ಲೇಟೋನ ‘ಮೆನೋ’ ಸಂವಾದದಲ್ಲಿ ಸಾಕ್ರೆಟಿಸ್ ಒಬ್ಬ ಗುಲಾಮ ಹುಡುಗನಿಗೆ ಇಮ್ಮಡಿ ವಿಸ್ತೀರ್ಣದ ಚೌಕ ಬೇಕು ಅಂದಾಗ ಆ ಹುಡುಗನೂ ಬದಿಯನ್ನು ಇಮ್ಮಡಿ ಮಾಡಿದ್ದ.

ಹುಡುಗರಷ್ಟೇ ಅಲ್ಲ, ಗೆಲಿಲಿಯೊ ಕೂಡ ಇಲ್ಲಿ ಎಡವಿದ್ದಾನೆ. ಬೀಳುವ ಕಲ್ಲಿನ ವೇಗ ಯಾವುದಕ್ಕೆ ಅನುಪಾತದಲ್ಲಿ ಏರುತ್ತದೆ, ಬಿದ್ದ ದೂರಕ್ಕೋ ಕಳೆದ ಸಮಯಕ್ಕೋ? 1604ರಲ್ಲಿ ಪಾವ್ಲೊ ಸಾರ್ಪಿಗೆ ಬರೆದ ಪತ್ರದಲ್ಲಿ ದೂರಕ್ಕೆ ಎಂದ. ಕೇಳಲು ಎಷ್ಟು ಸಹಜ! ಎತ್ತರದಿಂದ ಬಿದ್ದದ್ದು ಜೋರಾಗಿ ಅಪ್ಪಳಿಸುತ್ತದೆ, ಇಮ್ಮಡಿ ಎತ್ತರಕ್ಕೆ ಇಮ್ಮಡಿ ವೇಗ. ಆದರೆ ಹಾಗಾದರೆ ಕಲ್ಲು ಬೀಳಲು ಶುರುವೇ ಆಗುವುದಿಲ್ಲ. ದೂರ ಸೊನ್ನೆ ಇದ್ದಾಗ ವೇಗ ಸೊನ್ನೆ, ವೇಗ ಸೊನ್ನೆ ಇದ್ದಾಗ ದೂರ ಬೆಳೆಯುವುದು ಹೇಗೆ? ಕೈಬಿಟ್ಟ ಕಲ್ಲು ಗಾಳಿಯಲ್ಲೇ ನಿಂತಿರಬೇಕಾಗುತ್ತದೆ. 1638ರಲ್ಲಿ ಅಚ್ಚಾದ ಪುಸ್ತಕದ ಹೊತ್ತಿಗೆ ಅವನು ಸಮಯಕ್ಕೆ ಬಂದಿದ್ದ. ತನ್ನ ಪಾತ್ರವೊಂದರ ಬಾಯಿಂದ, ಈ ಗ್ರಂಥಕರ್ತನೂ ಕೆಲಕಾಲ ಅದೇ ತಪ್ಪಿನಲ್ಲಿದ್ದ ಎಂದು ಹೇಳಿಸುವಷ್ಟು ದೊಡ್ಡತನವೂ ಅವನಿಗಿತ್ತು. ಇವತ್ತು ನಮ್ಮ ಹುಡುಗರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ, ಏಕೆಂದರೆ ಉತ್ತರವನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆದಿರುತ್ತೇವೆ.

ಅದೇ ಗೆಲಿಲಿಯೊ ವೇಗ ಅಂದರೆ ದೂರ ಭಾಗಿಸು ಕಾಲ ಎಂದು ಬರೆಯಲಿಲ್ಲ. ಯೂಕ್ಲಿಡನ ಐದನೆಯ ಪುಸ್ತಕದ ಕಟ್ಟಳೆಯಲ್ಲಿ ಬೆಳೆದವನು ಅವನು. ದೂರವನ್ನು ದೂರಕ್ಕೆ ಹೋಲಿಸಬಹುದು, ಕಾಲವನ್ನು ಕಾಲಕ್ಕೆ ಹೋಲಿಸಬಹುದು, ಜಾತಿ ಬೇರೆಯಾದ ಎರಡರ ನಡುವೆ ಅನುಪಾತವಿಲ್ಲ. ಆರನೇ ತರಗತಿಯ ಮಗು ‘ಕಿಲೋಮೀಟರನ್ನು ಗಂಟೆಯಿಂದ ಭಾಗಿಸೋದು ಹೇಗೆ, ಮಾವಿನಹಣ್ಣನ್ನು ಮಂಗಳವಾರದಿಂದ ಭಾಗಿಸೋಕಾಗುತ್ತಾ’ ಎಂದರೆ ನಾವು ನಗುತ್ತೇವೆ. ಅದು ಯೂಕ್ಲಿಡನ ಆಕ್ಷೇಪಣೆ. ಭೌತಿಕ ಪರಿಮಾಣಗಳಿಗೆ ಆಯಾಮ ಎಂಬುದೊಂದಿದೆ, ಸಮೀಕರಣದ ಎರಡು ಬದಿಯಲ್ಲೂ ಅದು ಹೊಂದಬೇಕು ಎಂದು ಫೂರಿಯೆ ಬಿಡಿಸಿ ಹೇಳಿದ್ದು 1822ರಲ್ಲಿ, ಶಾಖದ ಹರಿವಿನ ಮೇಲಿನ ತನ್ನ ಗ್ರಂಥದಲ್ಲಿ. ಎರಡು ಸಾವಿರ ವರ್ಷಕ್ಕೂ ಮೀರಿ ಕಾದ ಉತ್ತರವನ್ನು ಆ ಮಗುವಿಗೆ ‘ಪ್ರತಿ ಗಂಟೆಗೆ ಇಷ್ಟು’ ಎಂಬ ಎರಡು ಮಾತಿನಲ್ಲಿ ದಾಟಿಸುತ್ತೇವೆ. ದಾಟಿಸಲಿ, ತಪ್ಪಿಲ್ಲ. ನಗುವುದು ಬೇಡ.

ಎಲ್ಲ ಪ್ರಶ್ನೆಯೂ ಇಷ್ಟು ಆಳದ್ದೆಂದು ನಾನು ಹೇಳುತ್ತಿಲ್ಲ. ಹೋಮ್‌ವರ್ಕ್ ಮಾಡದೆ ಕೇಳುವ ಪ್ರಶ್ನೆಗಳೂ ಇವೆ. ಅವನ್ನು ಗುರುತಿಸುವುದೂ ಕಷ್ಟವಿಲ್ಲ. ಅವು ‘ಉತ್ತರ ಎಷ್ಟು’ ಎಂದು ಕೇಳುತ್ತವೆ. ಇನ್ನೊಂದು ಬಗೆಯವು ‘ಇದು ಹೀಗಾದರೆ ಅದು ಯಾಕೆ ಹಾಗೆ’ ಎನ್ನುತ್ತವೆ. ಬಿಸಿಯಾದರೆ ಗಾಳಿ ಹಿಗ್ಗುತ್ತದೆ ಅಂದಿರಿ, ಸೈಕಲ್ ಪಂಪಿನಲ್ಲಿ ಗಾಳಿ ಕುಗ್ಗಿದಾಗ ಪಂಪು ಯಾಕೆ ಬಿಸಿ? ಹಿಗ್ಗುವ ನಿಯಮ ಒತ್ತಡ ಬದಲಾಗದಿದ್ದಾಗಿನದು. ಪಂಪು ಒತ್ತುವವನ ರಟ್ಟೆಗೆ ಗೊತ್ತು, ಅಲ್ಲಿ ಏರುತ್ತಿರುವುದೇ ಒತ್ತಡ, ಬಿಸಿಗೆ ಬೆಲೆ ತೆರುತ್ತಿರುವುದೂ ಆ ರಟ್ಟೆಯೇ.

ಹುಡುಗಿಗೆ ಇಷ್ಟೆಲ್ಲ ಹೇಳಲಿಲ್ಲ. ಎರಡು ಬಲ್ಬಿನ ಚಿತ್ರ ಬರೆದು, ಪ್ರತಿ ಚಿತ್ರದ ಪಕ್ಕದಲ್ಲಿ ‘ಉಳಿದದ್ದು ಏನಾಗುತ್ತಿದೆ’ ಎಂದು ಬರೆದುಕೊಳ್ಳಲು ಹೇಳಿದೆ. ಅಷ್ಟರಲ್ಲಿ ಏಳು ಗಂಟೆಯಾಗಿ, ನಮ್ಮ ಬೀದಿಯ ವಾಡಿಕೆಯಂತೆ ವೋಲ್ಟೇಜ್ ಇಳಿಯಿತು. ಫ್ಯಾನು ಸೋತು ಸುಸ್ತಾಯಿತು. ತಲೆಯ ಮೇಲಿದ್ದ 9 ವ್ಯಾಟಿನ ಎಲ್‌ಇಡಿ ಬಲ್ಬು ಮಾತ್ರ ಏನೂ ಆಗದವರ ಹಾಗೆ ಉರಿಯುತ್ತಲೇ ಇತ್ತು. ಅವಳು ಅದನ್ನೇ ನೋಡುತ್ತಿದ್ದಳು. ವೋಲ್ಟೇಜ್ ಕಡಿಮೆಯಾದರೂ ಬೆಳಕು ಅಷ್ಟೇ ಇದೆ ಅಂದರೆ ಇದರೊಳಗೆ ಯಾರೋ ವ್ಯಾಟನ್ನೇ ಹಿಡಿದುಕೊಂಡಿದ್ದಾರೆ, ಹಾಗಾದರೆ ಈಗ ಕರೆಂಟು ಜಾಸ್ತಿ ಹರೀತಿರಬೇಕಲ್ವಾ ಅಂಕಲ್ ಎಂದಳು. ಒಳ್ಳೆಯ ಡ್ರೈವರ್ ಇರುವ ಬಲ್ಬಿನಲ್ಲಿ ಆಗುವುದು ಹಾಗೆಯೇ ಎಂದೆ. ‘ಮತ್ತೆ ಇದರ ಆರ್ ಎಷ್ಟು?’