ಪ್ರೊಸೆಸರ್ ಬಿಡಿ, ಮೊದಲು ರ‍್ಯಾಮ್ ನೋಡಿ

ಹಾಸ್ಟೆಲಲ್ಲಿ ಬಿ450 ಬೋರ್ಡ್ ಇರೋರಿಗೆಲ್ಲ ಪ್ರೊಸೆಸರ್ ಓವರ್‌ಕ್ಲಾಕ್ ಮಾಡೋ ಹುಚ್ಚು. ನನಗೂ ಇತ್ತು. ಅಗ್ಗದ ಬೋರ್ಡಿನಲ್ಲಿ ಅದು ದಂಡ ಅಂತ ಈಗ ಅನಿಸುತ್ತೆ. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತೆ: 1.25 ವೋಲ್ಟ್‌ನಿಂದ 1.4ಕ್ಕೆ ಹೋದರೆ, ಕ್ಲಾಕ್ ಮುಟ್ಟದಿದ್ದರೂ, ಸುಮಾರು ಶೇ. 25 ಹೆಚ್ಚು. ಪ್ರೊಸೆಸರ್‌ಗೆ ಕರೆಂಟ್ ಕೊಡೋ ವಿಆರ್‌ಎಂ ಮೇಲೆ ಹೀಟ್‌ಸಿಂಕೇ ಇಲ್ಲ ಅಂದ್ರೆ, ಅದು ಕಾದು ಸ್ಪೀಡ್ ವಾಪಸ್ ಇಳಿಯುತ್ತೆ. ಏರಿಸಿದ್ದು ಯಾಕೆ ಹಾಗಾದ್ರೆ?

ಲಾಭ ಇರೋದು ರ‍್ಯಾಮಲ್ಲಿ. 3200 ಅಂತ ದುಡ್ಡು ಕೊಟ್ಟು ತಂದ ಡಿಡಿಆರ್4 ಸ್ಟಿಕ್, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡೋವರೆಗೂ ಎಷ್ಟೋ ಸಲ 2133 ಇಲ್ಲವೇ 2400ರಲ್ಲೇ ಓಡ್ತಿರುತ್ತೆ. ನಂದು ಒಂದು ವರ್ಷ ಹಾಗೇ ಓಡಿತ್ತು!

ಆಮೇಲೆ ಆಸೆಗೆ ಬಿದ್ದು 3600ಕ್ಕೆ ಎಳೆದೆ. ಗೇಮ್ ಚೆನ್ನಾಗೇ ಓಡ್ತು, ಮಿನಿ ಪ್ರಾಜೆಕ್ಟಿನ ಜಿಪ್ ಫೈಲ್ ಮಾತ್ರ ಕೆಟ್ಟುಹೋಗಿತ್ತು. ಈಗ ಏನೇ ಬದಲಿಸಿದರೂ ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸ್ತೀನಿ. ಒಂದೇ ಒಂದು ಎರರ್ ಬಂದರೂ ವಾಪಸ್ 3200.